ಈಜುಕೊಳದ ಕಪ್ಪೆಗಳು ಮತ್ತು ಮೊದಲನೆಯ ಶೀಲ





ನಮ್ಮ ಬಳಗದ ಹಿರಿಯ ಉಪಾಸಕರೊಬ್ಬರು ಮೊನ್ನೆ ಗುಂಪಿನಲ್ಲಿ ಕೇಳಿದ ಪ್ರಶ್ನೆಗೆ ಇಂದಿನ ಚಿಂತನೆಯನ್ನು ಮೀಸಲಿಡುತ್ತಿದ್ದೇನೆ. ನೌಕರಿಯಿಂದ ನಿವೃತ್ತರಾದ ಮೇಲೆ ಅವರು ಮೈಸೂರಿನ ಹೊರಗೆ, ಗದ್ದೆ ಬಯಲಿಗೆ ಅಂಟಿಕೊಂಡ ಬಡಾವಣೆಯಲ್ಲಿ ಮನೆ ಕಟ್ಟಿಸಿದ್ದಾರೆ. ಮೊಮ್ಮಕ್ಕಳು ಈಜು ಕಲಿಯಲಿ ಎಂದು ಹಿತ್ತಲಲ್ಲಿ ಚಿಕ್ಕದೊಂದು ಈಜುಕೊಳವೂ ಇದೆ. ಮುಂಗಾರು ಹಿಡಿದಾಗಿನಿಂದ ರಾತ್ರಿ ಹೊತ್ತು ಅದಕ್ಕೆ ಕಪ್ಪೆಗಳು ಬೀಳುತ್ತಿವೆ. ಬೆಳಿಗ್ಗೆ ನೋಡಿದರೆ ಕೆಲವು ಸತ್ತು ತೇಲುತ್ತಿರುತ್ತವೆ, ಕೆಲವು ಗೋಡೆಗೆ ಮೂತಿ ಒತ್ತಿಕೊಂಡು ಉಸಿರಾಡುತ್ತಿರುತ್ತವೆ. "ಬ್ಲೀಚಿಂಗ್ ಪೌಡರ್ ಜಾಸ್ತಿ ಹಾಕಿ, ಸುತ್ತ ಉಪ್ಪು ಚೆಲ್ಲಿ ಅಂತ ಪಕ್ಕದವರು ಹೇಳ್ತಾರೆ. ಪಂಚಶೀಲ ತೆಗೆದುಕೊಂಡವನು ನಾನು. ಏನು ಮಾಡಲಿ?" ಇದು ಅವರ ಪ್ರಶ್ನೆ.

ಪ್ರಶ್ನೆ ಬಂದ ತಕ್ಷಣ ಗುಂಪಿನಲ್ಲಿ ನಗುವ ಮುಖಗಳು ಸಾಲಾಗಿ ಬಂದವು. ಒಬ್ಬರು, "ಊರಲ್ಲಿ ನಮ್ಮ ಹೆಣ್ಣುಮಕ್ಕಳು ಇವತ್ತಿಗೂ ಕೊಡ ಹಿಡಿದು ಕೊಳಾಯಿ ಮುಂದೆ ಕಾಯುವಾಗ ಸ್ವಿಮ್ಮಿಂಗ್ ಪೂಲ್ ವಿಷಯ ಚರ್ಚೆ ಮಾಡಬೇಕಾ ಅಣ್ಣ?" ಎಂದರು. ಇನ್ನೊಬ್ಬ ತಮ್ಮ, "ನೀರು ಮುಟ್ಟಬೇಡ ಅಂತ ಈಗ ನಾವು ಕಪ್ಪೆಗೆ ಹೇಳೋದಾ?" ಎಂದು ಬರೆದ. ತಮಾಷೆಗೇ ಬರೆದದ್ದು. ಆದರೆ ಎರಡು ಮಾತಿಗೂ ಉತ್ತರ ಹೇಳದೆ ಮುಂದೆ ಹೋಗುವುದು ಸರಿಯಲ್ಲ.

ಮೊದಲನೆಯದಕ್ಕೆ. 1923ರಲ್ಲಿ ಮುಂಬೈ ವಿಧಾನ ಪರಿಷತ್ತು ಸಾರ್ವಜನಿಕ ಕೆರೆ ಬಾವಿಗಳು ಎಲ್ಲರಿಗೂ ತೆರೆದಿರಬೇಕೆಂದು ನಿರ್ಣಯ ಮಾಡಿತು. 1924ರಲ್ಲಿ ಮಹಾಡ್ ಪುರಸಭೆ ಚೌದಾರ್ ಕೆರೆಯನ್ನು ಕಾಗದದ ಮೇಲೆ ತೆರೆಯಿತು. ಆದರೂ 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರೊಂದಿಗೆ ಹೋಗಿ ಆ ನೀರನ್ನು ಬೊಗಸೆಯಲ್ಲಿ ಎತ್ತಬೇಕಾಯಿತು. ದನಕರು ಕುಡಿಯುತ್ತಿದ್ದ ನೀರು ಅದು. ನಮ್ಮವರು ಮುಟ್ಟಿದ್ದಕ್ಕೆ ಪೆಟ್ಟು ಬಿತ್ತು, ಕೆರೆಗೆ ಶುದ್ಧೀಕರಣವಾಯಿತು, ನ್ಯಾಯಾಲಯದ ತೀರ್ಪು ಬರಲು 1937 ಆಯಿತು. ಹಾಗಾಗಿ ನಮ್ಮವರೊಬ್ಬರ ಹಿತ್ತಲಲ್ಲಿ ಮೊಮ್ಮಕ್ಕಳು ಅಂಜಿಕೆಯಿಲ್ಲದೆ ನೀರಿಗೆ ಧುಮುಕುತ್ತಾರೆ ಎಂದರೆ ನನಗೆ ಸಂತೋಷವೇ. ಅದಕ್ಕೆ ಅವರು ನಾಚಬೇಕಿಲ್ಲ. ಕೊಳಾಯಿ ಮುಂದಿನ ಹೋರಾಟ ಬೇರೆ, ಅದು ನಡೆಯಲೇಬೇಕು. ಆದರೆ ಶೀಲ ಎನ್ನುವುದು ಬಡವನಾಗಿದ್ದಾಗ ಮಾತ್ರ ಪಾಲಿಸುವುದಲ್ಲವಲ್ಲ. ಕೈಗೆ ನಾಲ್ಕು ಕಾಸು, ನಾಲ್ಕು ಗುಂಟೆ ಜಾಗ ಬಂದ ಮೇಲೆಯೇ ನಮ್ಮಿಂದ ಬೇರೆ ಜೀವಕ್ಕೆ ಏನಾಗುತ್ತಿದೆ ಎಂದು ನೋಡುವ ಹೊಣೆ ಶುರುವಾಗುವುದು.

ಎರಡನೆಯದಕ್ಕೆ. ಒಂದು ಜೀವವನ್ನು ನೀರಿನಿಂದ ದೂರವಿಡುವುದೆಲ್ಲ ಅಸ್ಪೃಶ್ಯತೆಯಲ್ಲ. ಚೌದಾರ್ ಕೆರೆಯಲ್ಲಿ ನಾವು ಮುಟ್ಟಿದ್ದರಿಂದ ನೀರಿಗೆ ಏನೂ ಆಗಲಿಲ್ಲ, ಕುಡಿದ ಯಾರಿಗೂ ಏನೂ ಆಗಲಿಲ್ಲ. ಅವರು ಹೇಳಿದ ಮೈಲಿಗೆಯನ್ನು ಯಾವ ಕಣ್ಣಿನಿಂದಲೂ, ಯಾವ ಸೂಕ್ಷ್ಮದರ್ಶಕದಿಂದಲೂ ಕಾಣಲಾಗದು, ಏಕೆಂದರೆ ಅದು ಇರಲೇ ಇಲ್ಲ. ಈಜುಕೊಳದ ಕಪ್ಪೆಯ ವಿಷಯ ಹಾಗಲ್ಲ. ಅದು ಸಾಯುತ್ತದೆ. ಬೆಳಿಗ್ಗೆ ಎದ್ದು ಹೋಗಿ ನೋಡಬಹುದು. ಕಾರಣ ಕೇಳಿದರೆ ಕಾರಣ ಸಿಗುತ್ತದೆ. ತಡೆಯುವುದು ಅದರ ಜೀವಕ್ಕಾಗಿ. ಇಷ್ಟು ಸಾಕು ಎನಿಸುತ್ತದೆ. ಹೋಲಿಕೆಯನ್ನು ಇದಕ್ಕಿಂತ ಎಳೆದರೆ ನಮ್ಮ ನೋವನ್ನೇ ಹಗುರ ಮಾಡಿದಂತಾಗುತ್ತದೆ.

ಈಗ ಅಸಲು ವಿಷಯ. ನೀರಿನಲ್ಲೇ ಹುಟ್ಟಿದ ಪ್ರಾಣಿ ನೀರಿನಲ್ಲಿ ಹೇಗೆ ಸಾಯುತ್ತದೆ? ನಮ್ಮಲ್ಲಿ ಅನೇಕರಿಗೆ ಇದು ಗೊತ್ತಿರಲಿಕ್ಕಿಲ್ಲ.

ಊರಿನ ಕಟ್ಟೆಗೆ, ಗದ್ದೆಗೆ, ಹೊಂಡಕ್ಕೆ ಇಳಿಜಾರಾದ ದಡ ಇರುತ್ತದೆ. ಮಣ್ಣು, ಹುಲ್ಲು, ಕಲ್ಲು ಇರುತ್ತದೆ. ಕಪ್ಪೆ ಇಳಿಯುತ್ತದೆ, ಬೇಕಾದಾಗ ಹತ್ತುತ್ತದೆ. ಈಜುಕೊಳಕ್ಕೆ ದಡವಿಲ್ಲ, ಗೋಡೆ ಇದೆ. ನಾಲ್ಕೂ ಕಡೆ ನೆಟ್ಟಗೆ ನಿಂತ ನುಣುಪು ಟೈಲ್ಸು, ಅದರ ಮೇಲೆ ಒಳಕ್ಕೆ ಚಾಚಿದ ಕಲ್ಲಿನ ಅಂಚು. ನೀರಿನ ಮಟ್ಟ ಅಂಚಿಗಿಂತ ಕೆಳಗೆ. ನೆಲದಿಂದ ಒದ್ದು ಹಾರುವ ಕಾಲಿಗೆ ನೀರಿನಲ್ಲಿ ಊರಲು ಏನೂ ಸಿಗುವುದಿಲ್ಲ. ಒರಟು ಮೈಯ ನೆಲಗಪ್ಪೆಯಂತೂ ಹೆಚ್ಚು ಕಾಲ ನೆಲದ ಮೇಲೆಯೇ ಬದುಕುವಂಥದ್ದು, ಅಷ್ಟು ಹೊತ್ತು ಈಜಲಾರದು. ಗೋಡೆಯುದ್ದಕ್ಕೂ ಸುತ್ತು ಹಾಕಿ ಹಾಕಿ ದಣಿದು ಮುಳುಗುತ್ತದೆ. ನೀರನ್ನು ಶುದ್ಧ ಮಾಡುವ ಪಂಪಿನ ಬಾಯಿಯಲ್ಲಿ ಎಲೆ ಕಸ ಹಿಡಿಯುವ ಬುಟ್ಟಿ ಇರುತ್ತದಲ್ಲ, ಸ್ಕಿಮ್ಮರ್ ಅನ್ನುತ್ತಾರೆ, ನೀರಿನ ಸೆಳೆತಕ್ಕೆ ಸಿಕ್ಕಿ ಅದರೊಳಗೆ ಹೋಗಿ ಸಾಯುವವು ಇನ್ನೂ ಕೆಲವು.

ಇದರ ಜೊತೆಗೆ ಕ್ಲೋರಿನ್. ಈಜುಕೊಳದ ನೀರಿನಲ್ಲಿ ಸಾಮಾನ್ಯವಾಗಿ ಲೀಟರಿಗೆ 1ರಿಂದ 3 ಮಿಲಿಗ್ರಾಂ ಇಡುತ್ತಾರೆ. ನಮ್ಮ ಚರ್ಮಕ್ಕೆ ಅದು ಅಷ್ಟು ತಾಗುವುದಿಲ್ಲ. ಕಪ್ಪೆಯ ಚರ್ಮ ನಮ್ಮಂತೆ ಹೊದಿಕೆಯಲ್ಲ; ಅದು ನೀರು ಕುಡಿಯುವುದು ಚರ್ಮದಿಂದ, ಉಸಿರಾಟದ ಒಂದು ಭಾಗವೂ ಚರ್ಮದಿಂದಲೇ. ನೀರಿನಲ್ಲಿ ಇರುವುದೆಲ್ಲ ನೇರ ಮೈಯೊಳಗೆ ಇಳಿಯುತ್ತದೆ. ಉಪ್ಪಿನ ಈಜುಕೊಳ ಮಾಡಿಸಿದರೆ ಕ್ಲೋರಿನ್ ಇರುವುದಿಲ್ಲ ಎಂದು ಕೆಲವರು ಹೇಳುತ್ತಾರೆ. ಅದು ತಪ್ಪು. ಅಲ್ಲಿ ಉಪ್ಪಿನಿಂದಲೇ ಯಂತ್ರ ಕ್ಲೋರಿನ್ ತಯಾರಿಸುತ್ತದೆ. ಇನ್ನು ಪಕ್ಕದವರು ಹೇಳಿದ ಉಪ್ಪು ಚೆಲ್ಲುವ ಉಪಾಯ: ಉಪ್ಪು ಕಪ್ಪೆಯ ಮೈಯ ನೀರನ್ನು ಹೀರಿ ತೆಗೆಯುತ್ತದೆ. ಅದು ಓಡಿಸುವುದಲ್ಲ, ಒಣಗಿಸಿ ಕೊಲ್ಲುವುದು. ಬ್ಲೀಚಿಂಗ್ ಪೌಡರ್ ಜಾಸ್ತಿ ಸುರಿದರೂ ಕಪ್ಪೆಗೆ ಮೊದಲೇ ಗೊತ್ತಾಗಿ ಅದು ಬರದೇ ಇರುವುದಿಲ್ಲ; ಬಂದು ಬೇಗ ಸಾಯುತ್ತದೆ ಅಷ್ಟೇ, ಮಕ್ಕಳ ಕಣ್ಣೂ ಉರಿಯುತ್ತದೆ.

ಹಾಗಾದರೆ ಅವು ಬರುವುದೇಕೆ? ಮಳೆಗಾಲ ಅವಕ್ಕೆ ಮೊಟ್ಟೆಯಿಡುವ ಕಾಲ, ನೀರು ಹುಡುಕುತ್ತವೆ. ಬಡಾವಣೆ ಆಗುವ ಮುಂಚೆ ಆ ಜಾಗದಲ್ಲಿ ಗದ್ದೆ ಇತ್ತು, ತಗ್ಗಿನಲ್ಲಿ ಮಳೆನೀರು ನಿಲ್ಲುತ್ತಿತ್ತು. ಅದನ್ನೆಲ್ಲ ಮಣ್ಣು ಹಾಕಿ ಮಟ್ಟ ಮಾಡಿ ಸೈಟು ಹಂಚಿದರು. ಕಪ್ಪೆಗೆ ಯಾರೂ ನೋಟಿಸು ಕೊಟ್ಟಿಲ್ಲ. ಇನ್ನೊಂದು ಕಾರಣ ದೀಪ. ಕೊಳದ ಸುತ್ತ ಅಂದಕ್ಕೆಂದು ಬಿಳಿ ದೀಪ ರಾತ್ರಿಯಿಡೀ ಉರಿಸಿದರೆ ಹುಳ ಬರುತ್ತದೆ, ಹುಳ ತಿನ್ನಲು ಕಪ್ಪೆ ಬರುತ್ತದೆ, ಕಪ್ಪೆ ಹುಡುಕಿಕೊಂಡು ಹಾವೂ ಬರುತ್ತದೆ. ಹಾವು ಬಂದರೆ ನಮ್ಮ ಜನ ದೊಣ್ಣೆ ತೆಗೆದುಕೊಳ್ಳುತ್ತಾರೆ. ಒಂದು ಸ್ವಿಚ್ಚಿನಿಂದ ಎಷ್ಟು ಸಾವು ಹೊರಟವು ನೋಡಿ. ಪ್ರತೀತ್ಯ ಸಮುತ್ಪಾದವನ್ನು ನಮ್ಮ ತರಗತಿಯಲ್ಲಿ ಕಷ್ಟಪಟ್ಟು ಅರ್ಥ ಮಾಡಿಕೊಳ್ಳುತ್ತೇವಲ್ಲ, ಅದು ಹಿತ್ತಲಲ್ಲೇ ಇದೆ.

ಈಗ ಶೀಲದ ಪ್ರಶ್ನೆ. ಗುಂಪಿನಲ್ಲಿ ಬಂದ ಒಂದು ಉತ್ತರ ಹೀಗಿತ್ತು: "ನಿಮಗೆ ಕೊಲ್ಲುವ ಉದ್ದೇಶವಿಲ್ಲ. ಚೇತನೆಯೇ ಕರ್ಮ. ಆದ್ದರಿಂದ ದೋಷವಿಲ್ಲ, ಚಿಂತೆ ಬಿಡಿ." ಇದು ಶಾಸ್ತ್ರ ಓದಿದವರ ಮಾತೇ. ಮಜ್ಝಿಮ ನಿಕಾಯದ ಉಪಾಲಿ ಸುತ್ತದಲ್ಲಿ ಈ ವಾದವೇ ಬರುತ್ತದೆ. ಕಾಯದಿಂದಾದ ಕೃತ್ಯವೇ ಹೆಚ್ಚು ಭಾರ ಎಂದು ನಿಗಂಠರ ಪಕ್ಷ, ಮನಸ್ಸಿನಿಂದಾದದ್ದೇ ಹೆಚ್ಚು ಭಾರ ಎಂದು ಭಗವಾನರ ಪಕ್ಷ. ಹೋಗುತ್ತಾ ಬರುತ್ತಾ ಕಾಲಡಿಗೆ ಸಿಕ್ಕಿ ಸಾಯುವ ಸಣ್ಣ ಜೀವಿಗಳ ಉದಾಹರಣೆಯನ್ನು ಅಲ್ಲಿ ಬುದ್ಧರೇ ಎತ್ತುತ್ತಾರೆ. ಗೊತ್ತಿಲ್ಲದೆ ತುಳಿದವನನ್ನು ಅವರು ಕೊಲೆಗಾರ ಎನ್ನಲಿಲ್ಲ. ಸರಿ. ಮೊದಲ ದಿನ ಬೆಳಿಗ್ಗೆ ಸತ್ತ ಕಪ್ಪೆ ಕಂಡಾಗ ನಮ್ಮ ಹಿರಿಯರ ಮೇಲೆ ಯಾವ ದೋಷವೂ ಇರಲಿಲ್ಲ. ನಾನೂ ಒಪ್ಪುತ್ತೇನೆ.

ಎರಡನೆಯ ದಿನ?

ಇಲ್ಲಿ ವಿನಯಪಿಟಕವನ್ನು ನೋಡಬೇಕು. ಭಿಕ್ಷುವಿಗೆ ಇರಬಹುದಾದ ಎಂಟು ವಸ್ತುಗಳಲ್ಲಿ ಒಂದು ನೀರು ಸೋಸುವ ಬಟ್ಟೆ. ಮೂರು ಚೀವರ, ಭಿಕ್ಷಾಪಾತ್ರೆ, ಸೊಂಟಪಟ್ಟಿ, ಕ್ಷೌರದ ಕತ್ತಿ, ಸೂಜಿ, ಅದರ ಜೊತೆಗೆ ಸೋಸುವ ಬಟ್ಟೆ. ಮನೆ ಬಿಟ್ಟವನಿಗೆ ಇಷ್ಟೇ ಆಸ್ತಿ, ಅದರಲ್ಲೂ ಒಂದು ವಸ್ತು ನೀರಿನ ಹುಳಗಳಿಗಾಗಿ. ಪಾಚಿತ್ತಿಯ ನಿಯಮಗಳಲ್ಲಿ ಎರಡು ಕಡೆ ಇದೇ ವಿಷಯ ಬರುತ್ತದೆ: ಜೀವಿಗಳಿರುವ ನೀರೆಂದು ತಿಳಿದೂ ಅದನ್ನು ಹುಲ್ಲಿನ ಮೇಲೆ, ಮಣ್ಣಿನ ಮೇಲೆ ಸುರಿದರೆ ತಪ್ಪು, ತಿಳಿದೂ ಬಳಸಿದರೆ ತಪ್ಪು. 'ತಿಳಿದೂ' ಎಂಬ ಮಾತನ್ನು ಗಮನಿಸಿ. ನೀರು ಸುರಿಯುವವನಿಗೆ ಹುಳವನ್ನು ಕೊಲ್ಲಬೇಕೆಂಬ ಆಸೆ ಎಲ್ಲಿರುತ್ತದೆ? ಅವನಿಗೆ ಬೇಕಾದದ್ದು ನೀರು ಸುರಿಯುವುದು. ಆದರೂ ತಿಳುವಳಿಕೆ ಬಂದ ಮೇಲೆ "ನನಗೆ ಆ ಉದ್ದೇಶವಿರಲಿಲ್ಲ" ಎಂಬ ಮಾತು ಅಲ್ಲಿ ನಡೆಯುವುದಿಲ್ಲ.

ಮಳೆಗಾಲದ ವರ್ಷಾವಾಸವೂ ಹೀಗೇ ಬಂದದ್ದು. ಮಳೆಯಲ್ಲಿ ತಿರುಗಾಡುತ್ತಾ ಹಸಿರು ಹುಲ್ಲು, ಸಣ್ಣ ಸಣ್ಣ ಜೀವಿಗಳನ್ನು ಭಿಕ್ಷುಗಳು ತುಳಿಯುತ್ತಿದ್ದಾರೆ ಎಂದು ಜನ ದೂರಿದರು. ಬುದ್ಧರು "ಅವರಿಗೆ ಉದ್ದೇಶವಿಲ್ಲ" ಎಂದು ಸಮರ್ಥಿಸಿಕೊಂಡು ಕೂರಲಿಲ್ಲ. ಮಳೆಗಾಲದ ಮೂರು ತಿಂಗಳು ಒಂದೇ ಕಡೆ ನಿಲ್ಲಿ ಎಂದು ವ್ಯವಸ್ಥೆಯನ್ನೇ ಬದಲಿಸಿದರು. ಪ್ರತಿ ಭಿಕ್ಷುವಿನ ಒಳ್ಳೆಯತನವನ್ನು ನಂಬಿ, ನೋಡಿಕೊಂಡು ಕಾಲಿಡಿ ಎಂದಷ್ಟೇ ಹೇಳಿ ಬಿಡಬಹುದಿತ್ತು. ಬಿಡಲಿಲ್ಲ.

ಬಾಬಾಸಾಹೇಬರು 'ಬುದ್ಧ ಮತ್ತು ಅವನ ಧಮ್ಮ'ದಲ್ಲಿ ಅಹಿಂಸೆಯನ್ನು ವಿವರಿಸುವ ಕ್ರಮ ನಿಮಗೆ ನೆನಪಿರಬಹುದು. ಅಹಿಂಸೆ ಕಣ್ಣುಮುಚ್ಚಿ ಪಾಲಿಸುವ ಕಟ್ಟಳೆಯಲ್ಲ, ಯೋಚಿಸಿ ನಡೆಯುವ ತತ್ವ ಎನ್ನುತ್ತಾರೆ. ಕೊಲ್ಲುವ ಇಚ್ಛೆ ಬೇರೆ, ಕೊಲ್ಲುವ ಅಗತ್ಯ ಬೇರೆ ಎಂದು ಬಿಡಿಸಿ ಹೇಳುತ್ತಾರೆ. ಈ ಭೇದ ನಮಗೆ ಬಹಳ ದೊಡ್ಡದು. ನಮ್ಮ ತಟ್ಟೆಯಲ್ಲಿ ಏನಿದೆ ಎಂದು ಇಣುಕಿ ನೋಡಿ ನಮ್ಮನ್ನು ಕೀಳು ಮಾಡಿದ ಅಹಿಂಸೆಯನ್ನು ನಾವು ಬಲ್ಲೆವು. ಕಪ್ಪೆಯ ವಿಷಯಕ್ಕೇ ಬಂದರೆ, ಒಂದು ಕಾಲಕ್ಕೆ ನಮ್ಮ ದೇಶದಿಂದ ಕಪ್ಪೆಕಾಲುಗಳು ಟನ್ನುಗಟ್ಟಲೆ ಹೊರದೇಶಕ್ಕೆ ಹೋಗುತ್ತಿದ್ದವು. 1987ರಲ್ಲಿ ರಫ್ತು ನಿಷೇಧವಾಯಿತು. ರಾತ್ರಿ ಗದ್ದೆಗಿಳಿದು ದೀಪ ಹಿಡಿದು ಕಪ್ಪೆ ಹಿಡಿದು ಮಾರುತ್ತಿದ್ದವನು ಹೊಟ್ಟೆಪಾಡಿಗೆ ಇಳಿದವನು. ಅವನನ್ನು ಕೂರಿಸಿಕೊಂಡು ಶೀಲದ ಪಾಠ ಹೇಳಲು ನನಗೆ ಬಾಯಿ ಬರುವುದಿಲ್ಲ.

ಆದರೆ ಈಜುಕೊಳದ ಸಾವಿನಲ್ಲಿ ಇಚ್ಛೆಯೂ ಇಲ್ಲ, ಅಗತ್ಯವೂ ಇಲ್ಲ. ಯಾರ ಹೊಟ್ಟೆಯೂ ತುಂಬುವುದಿಲ್ಲ, ಯಾರ ದ್ವೇಷವೂ ತೀರುವುದಿಲ್ಲ. ಸುಮ್ಮನೆ ಸಾಯುತ್ತವೆ. ಇದಕ್ಕೆ ಧಮ್ಮದಲ್ಲಿ ಹೆಸರಿದೆ, ಪ್ರಮಾದ. ಪಾಲಿಯಲ್ಲಿ ಪಮಾದ. ಅಪ್ಪಮಾದದಿಂದ ಇರಿ ಎಂಬುದೇ ಭಗವಾನರ ಕೊನೆಯ ಮಾತಿನ ಸಾರವಾಗಿತ್ತು. ನನ್ನ ಅಭಿಪ್ರಾಯ ಹೇಳುವುದಾದರೆ, ಇಂದಿನ ಕಾಲದಲ್ಲಿ ಇಚ್ಛೆಯಿಂದ ಆಗುವ ಸಾವಿಗಿಂತ ಪ್ರಮಾದದಿಂದ ಆಗುವ ಸಾವನ್ನು ನೋಡುವ ಕಣ್ಣು ನಮಗೆ ಹೆಚ್ಚು ಬೇಕು. ಮ್ಯಾನ್‌ಹೋಲಿಗೆ ಇಳಿದು ನಮ್ಮ ಹುಡುಗರು ಸತ್ತಾಗಲೆಲ್ಲ ಕೇಳಿಬರುವ ಮಾತು ಯಾವುದು? "ಯಾರೂ ಬೇಕೆಂದು ಮಾಡಿದ್ದಲ್ಲ." 2013ರಲ್ಲಿ ಕಾನೂನು ಬಂತು, 2014ರಲ್ಲಿ ಸುಪ್ರೀಂ ಕೋರ್ಟು 10 ಲಕ್ಷ ಪರಿಹಾರ ಎಂದಿತು, 2023ರಲ್ಲಿ 30 ಲಕ್ಷ ಎಂದಿತು. ಸಾವು ನಿಲ್ಲಲಿಲ್ಲ. ಅಲ್ಲಿ ಅನಿಲ ಇದೆ ಎಂದು ಗೊತ್ತು, ಇಳಿದವನು ಸಾಯುತ್ತಾನೆ ಎಂದು ಗೊತ್ತು, ಯಂತ್ರ ಇದೆ ಎಂದೂ ಗೊತ್ತು. ಆದರೂ ಉದ್ದೇಶವಿರಲಿಲ್ಲ ಎನ್ನುತ್ತಾರೆ. ನಾನು ಮನುಷ್ಯನನ್ನು ಕಪ್ಪೆಗೆ ಹೋಲಿಸುತ್ತಿಲ್ಲ, ದಯವಿಟ್ಟು ಹಾಗೆ ಓದಬೇಡಿ. ಆ ಮಾತನ್ನು ಗುತ್ತಿಗೆದಾರನ ಬಾಯಲ್ಲಿ ಒಪ್ಪದ ನಾವು ನಮ್ಮ ಹಿತ್ತಲಿನಲ್ಲಿ ಅದನ್ನೇ ಆಡಬಹುದೇ ಎಂದಷ್ಟೇ ಕೇಳುತ್ತಿದ್ದೇನೆ.

ಅಂದ ಹಾಗೆ, ಆ ಸತ್ತ ಕಪ್ಪೆಗಳನ್ನು ಎತ್ತುವವರು ಯಾರು? ಕೇಳಿದೆ. ಕೊಳ ಸ್ವಚ್ಛ ಮಾಡಲು ಬರುವ ಹುಡುಗ. ಬಲೆಯಲ್ಲಿ ಎತ್ತಿ ಕಾಂಪೌಂಡಿನಾಚೆ ಎಸೆಯುತ್ತಾನೆ, ಸ್ಕಿಮ್ಮರ್ ಬುಟ್ಟಿಯಲ್ಲಿ ಸಿಕ್ಕವನ್ನು ಕೈಯಿಂದಲೇ ತೆಗೆಯುತ್ತಾನೆ. ಅವನು ಯಾವ ಕೇರಿಯಿಂದ ಬರುತ್ತಾನೆ ಎಂದು ನಾನು ಕೇಳಲಿಲ್ಲ, ನೀವೂ ಊಹಿಸಬಲ್ಲಿರಿ. ಸತ್ತದ್ದನ್ನು ಎತ್ತುವ ಕೆಲಸ ಯಾರ ಪಾಲಿಗೆ ಬಂದಿತ್ತು, ಅದನ್ನು ಬಿಡಿ ಎಂದು ಬಾಬಾಸಾಹೇಬರು ಯಾರಿಗೆ ಹೇಳಿದರು ಎಂಬುದು ನಮ್ಮ ಅಜ್ಜಂದಿರಿಗೆ ಗೊತ್ತಿತ್ತು. ಪ್ರಮಾದ ನಮ್ಮದು, ಹೆಣ ಎತ್ತುವುದು ಅವನು ಎಂದಾಗಬಾರದು. ಮಳೆಗಾಲ ಮುಗಿಯುವವರೆಗೆ ಆ ಬುಟ್ಟಿಯನ್ನು ಮನೆಯ ಯಜಮಾನರೇ ದಿನಾ ಬೆಳಿಗ್ಗೆ ತೆರೆಯಲಿ ಎಂಬುದು ನನ್ನ ಸಲಹೆ. ತೆರೆಯುವ ಮುನ್ನ ಪಂಪಿನ ಸ್ವಿಚ್ಚು ಆರಿಸಿ.

ಬದುಕಿರುವ ಕಪ್ಪೆಯನ್ನು ದಿನಾ ಎತ್ತಿ ಬಿಡುವುದು ಒಳ್ಳೆಯದೇ. ಆದರೆ ಅದರಲ್ಲೇ ತೃಪ್ತಿಪಟ್ಟುಕೊಳ್ಳುವ ಬಗ್ಗೆ ನನಗೆ ಸ್ವಲ್ಪ ಅನುಮಾನವಿದೆ. ದಿನಾ ನಾಲ್ಕು ಜೀವ ಉಳಿಸಿದೆ ಎಂದು ಫೋಟೋ ಹಾಕುತ್ತಾ, ಬೀಳುವ ಗುಂಡಿಯನ್ನು ಹಾಗೇ ಬಿಟ್ಟರೆ ಅದು ಕರುಣೆಯ ವೇಷದ ಪುಣ್ಯ ಸಂಪಾದನೆ. ಮಳೆ ಬರಲಿ ಎಂದು ಕಪ್ಪೆಗೆ ಅರಿಶಿನ ಹಚ್ಚಿ ಮದುವೆ ಮಾಡುವವರನ್ನು ನೋಡಿ ನಗುತ್ತೇವೆ. ಅದಕ್ಕೂ ಇದಕ್ಕೂ ಕಪ್ಪೆಯ ದೃಷ್ಟಿಯಿಂದ ದೊಡ್ಡ ವ್ಯತ್ಯಾಸ ಇರಲಾರದು.

ಹಾಗಾದರೆ ಮಾಡಬೇಕಾದ್ದು ಏನು? ಖರ್ಚು ಹೆಚ್ಚಿಲ್ಲ. ಮೊದಲು ಹತ್ತಿ ಹೊರಬರಲು ದಾರಿ. ಅಮೆರಿಕದ ಮೇರಿಲ್ಯಾಂಡಿನಲ್ಲಿ ವನ್ಯಜೀವಿ ತಜ್ಞರೊಬ್ಬರು ಈಜುಕೊಳಗಳಲ್ಲಿ ಕಪ್ಪೆಗಳು ಸಾಯುವುದನ್ನು ನೋಡಿ, ನೀರಿನ ಮೇಲೆ ತೇಲುವ ಒಂದು ಚಿಕ್ಕ ತಟ್ಟೆ, ಅದರಿಂದ ದಡಕ್ಕೆ ಏರುವ ಬಲೆಬಟ್ಟೆಯ ಇಳಿಜಾರು, ಹೀಗೊಂದು ಸಾಧನ ಮಾಡಿದರು. ಫ್ರಾಗ್ ಲಾಗ್ ಎಂದು ಅದರ ಹೆಸರು. ಕಪ್ಪೆ ಗೋಡೆ ಹಿಡಿದು ಸುತ್ತುತ್ತದೆ ಎಂಬುದನ್ನು ಗಮನಿಸಿದವರ ಬುದ್ಧಿ ಅದು. ಸುತ್ತುವಾಗ ದಾರಿ ತಾನಾಗಿ ಸಿಗುತ್ತದೆ. ಅದೇ ಬೇಕೆಂದಿಲ್ಲ. ತೆಂಗಿನ ನಾರಿನ ಒರಟು ಚಾಪೆಯ ಒಂದು ತುದಿಯನ್ನು ದಡದ ಮೇಲೆ ಕಲ್ಲಿಟ್ಟು ಬಿಗಿದು, ಇನ್ನೊಂದು ತುದಿ ನೀರಿಗೆ ಇಳಿಯುವಂತೆ ಗೋಡೆಗೆ ಅಂಟಿಸಿ ಬಿಟ್ಟರೂ ಸಾಕು. ನಾಲ್ಕು ಮೂಲೆಗೂ ಒಂದೊಂದು, ಸ್ಕಿಮ್ಮರ್ ಹತ್ತಿರ ಇನ್ನೊಂದು.

ರಾತ್ರಿ ದೀಪ ಆರಿಸಿ. ಬೇಕೇ ಬೇಕೆಂದರೆ ಮಂದವಾದ ಹಳದಿ ದೀಪ, ನೀರಿನಿಂದ ದೂರ. ಅಂಚಿನವರೆಗೂ ಬೆಳೆಸಿದ ಹುಲ್ಲು, ಕುಂಡಗಳನ್ನು ಹಿಂದೆ ಸರಿಸಿ. ಸುತ್ತ ಎರಡಡಿ ಎತ್ತರದ ನುಣುಪು ತಗಡೋ ದಪ್ಪ ಪ್ಲಾಸ್ಟಿಕ್ಕೋ, ಬುಡವನ್ನು ಮಣ್ಣಿನಲ್ಲಿ ಹೂತು ನಿಲ್ಲಿಸಿದರೆ ನೆಲಗಪ್ಪೆಗಳು ಬಹುಪಾಲು ನಿಲ್ಲುತ್ತವೆ. ಮರಗಪ್ಪೆಯ ಬೆರಳ ತುದಿಯಲ್ಲಿ ಅಂಟುವ ಬಿಲ್ಲೆಗಳಿವೆ, ಅದನ್ನು ಯಾವ ಗೋಡೆಯೂ ನಿಲ್ಲಿಸದು; ಆದರೆ ಗೋಡೆ ಹತ್ತುವ ಅದೇ ಬೆರಳಿನಿಂದ ಅದು ಹೊರಗೂ ಬರಬಲ್ಲದು. ರಾತ್ರಿ ಮುಚ್ಚುವುದಾದರೆ ನಾಲ್ಕೂ ಕಡೆ ಬಿಗಿಯಾಗಿ ಎಳೆದು ಕಟ್ಟುವ ಹೊದಿಕೆ ಬೇಕು. ಸಡಿಲ ಟಾರ್ಪಾಲು ಹಾಕಲೇಬೇಡಿ. ಕಪ್ಪೆ ಅದರ ಕೆಳಗೆ ಸಿಕ್ಕಿಕೊಳ್ಳುತ್ತದೆ, ಅದಕ್ಕಿಂತ ಮುಖ್ಯವಾಗಿ ಆಟವಾಡುವ ಮಗು ಅದರ ಮೇಲೆ ಕಾಲಿಟ್ಟರೆ ಕೆಳಗೆ ಹೋದದ್ದು ಯಾರಿಗೂ ಕಾಣುವುದಿಲ್ಲ.

ಕಪ್ಪೆಯನ್ನು ಕೈಯಿಂದ ಎತ್ತುವುದಾದರೆ ಬರಿಯ ನೀರಿನಲ್ಲಿ ಕೈ ಒದ್ದೆ ಮಾಡಿಕೊಳ್ಳಿ. ಸೋಪು, ಸ್ಯಾನಿಟೈಸರ್ ಕೈಯಲ್ಲಿ ಇರಬಾರದು, ಅದೂ ಚರ್ಮದಿಂದಲೇ ಒಳಹೋಗುತ್ತದೆ. ಕ್ಲೋರಿನ್ ನೀರಿನಿಂದ ಬಂದದ್ದರ ಮೇಲೆ ಬಕೆಟ್ಟಿನಲ್ಲಿ ಹಿಡಿದಿಟ್ಟ ಮಳೆನೀರು ಸ್ವಲ್ಪ ಹನಿಸಿ, ನೆರಳಿನ ಹಸಿ ಜಾಗದಲ್ಲಿ ಬಿಡಿ. ನೆಲಗಪ್ಪೆಯ ಮೈಯಲ್ಲಿ ಕಣ್ಣಿಗೆ ಉರಿಯಾಗುವ ದ್ರವ ಇರುತ್ತದೆ, ಆಮೇಲೆ ಮಕ್ಕಳು ಕೈ ತೊಳೆಯಲಿ. ಸೈಟಿನ ಕೆಳಮೂಲೆಯಲ್ಲಿ ಇಳಿಜಾರು ದಡದ ಒಂದು ಚಿಕ್ಕ ಮಣ್ಣಿನ ಹೊಂಡ ತೋಡಿಸಲು ಜಾಗವಿದ್ದರೆ ಇನ್ನೂ ಒಳ್ಳೆಯದು. ಮೊಟ್ಟೆಯಿಡಲು ಅವಕ್ಕೆ ಬೇಕಾದ್ದು ಅಂಥ ನೀರು. ಕ್ಲೋರಿನ್ ಕೊಳದಲ್ಲಿ ಇಟ್ಟ ಮೊಟ್ಟೆ ಗೊದಮೊಟ್ಟೆಯಾಗಿ ಬದುಕುವುದಿಲ್ಲ.

ಇಷ್ಟೆಲ್ಲ ಮಾಡಿದ ಮೇಲೂ ಒಂದೆರಡು ಸಾಯಬಹುದು. ಆಗ? ಅದು ನಿಜವಾದ ಪ್ರಶ್ನೆ. ಮಾಡಬಹುದಾದ್ದನ್ನು ಮಾಡಿ, ದಿನಾ ನೋಡುತ್ತಾ, ಇನ್ನೂ ಏನು ಸರಿಪಡಿಸಬಹುದು ಎಂದು ಯೋಚಿಸುವವನ ಹಿತ್ತಲಲ್ಲಿ ಸತ್ತ ಕಪ್ಪೆಯೂ ಕಣ್ಣು ತಿರುಗಿಸಿದವನ ಹಿತ್ತಲಲ್ಲಿ ಸತ್ತ ಕಪ್ಪೆಯೂ ಕಪ್ಪೆಯ ಮಟ್ಟಿಗೆ ಒಂದೇ. ಮನುಷ್ಯನ ಮಟ್ಟಿಗೆ ಒಂದೇ ಅಲ್ಲ ಎಂದು ನಾನು ಉಪಾಲಿ ಸುತ್ತವನ್ನು ಓದಿಕೊಂಡಿದ್ದೇನೆ. ಕೆಲವರು ಒಪ್ಪಲಿಕ್ಕಿಲ್ಲ. ಕೊಳವನ್ನೇ ಮುಚ್ಚಿಸಬೇಕು ಎಂದು ಅಕ್ಕ ಒಬ್ಬರು ಬರೆದಿದ್ದರು. ಮಕ್ಕಳ ಈಜನ್ನು ನಾನು ಅಷ್ಟು ಸುಲಭವಾಗಿ ಬಿಟ್ಟುಕೊಡಲಾರೆ. ಕೆರೆ ಬಾವಿಗೆ ನಮ್ಮನ್ನು ಇಳಿಯಲು ಬಿಡದ ಊರುಗಳಲ್ಲಿ ಈಜು ಬಾರದೆ ಬೆಳೆದ ತಲೆಮಾರಿಗೆ ಸೇರಿದವನು ನಾನು.

ಮಳೆಗಾಲದಲ್ಲಿ ನೀರು ಖಾಲಿ ಮಾಡಿಬಿಟ್ಟರೆ ಹೇಗೆ ಎಂದೂ ಹಿರಿಯರು ಕೇಳಿದ್ದಾರೆ. ಖಾಲಿ ಕೊಳ ಇನ್ನೂ ಆಳದ ಗುಂಡಿ. ತಳದಲ್ಲಿ ನಾಲ್ಕು ಇಂಚು ಮಳೆನೀರು ನಿಲ್ಲುತ್ತದೆ, ಕಪ್ಪೆ ಬೀಳುತ್ತದೆ, ಹತ್ತಲು ಆರಡಿ ಗೋಡೆ. ಖಾಲಿ ಮಾಡಿದರೆ ತಳದಿಂದ ಅಂಚಿನವರೆಗೆ ನಾರಿನ ಚಾಪೆ ಸುತ್ತಿದ ಒಂದು ಉದ್ದನೆಯ ಹಲಗೆಯನ್ನು ಓರೆಯಾಗಿ ಇಡಲೇಬೇಕು.

ಭಾನುವಾರದ ಕೂಟದಲ್ಲಿ ಉಪಾಲಿ ಸುತ್ತ ಓದೋಣ. ಪುಸ್ತಕ ಇರುವವರು ತನ್ನಿ.

ಜೈ ಭೀಮ್. ನಮೋ ಬುದ್ಧಾಯ.